ಕೆಟ್ಟ ಮೇಲೆ ಬಂದ ಬುದ್ಧಿ



‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬುದು ನಮ್ಮ ಹಿರಿಯರ ಗಾದೆ. ತಡವಾಗಿ ಬಂದ ಬುದ್ಧಿಯನ್ನು ಅದು ಹಾಸ್ಯ ಮಾಡುತ್ತದೆ. ಆದರೆ ಅಡುಗೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ನಾಳೆಯೂ ಒಲೆ ಹಚ್ಚಬೇಕು. ಇಂದು ಒಲೆ ಏಕೆ ಉರಿಯಲಿಲ್ಲ ಎಂದು ಕೇಳಿಕೊಂಡವರಿಗೆ ತಡವಾಗಿ ಬಂದ ಬುದ್ಧಿಯೂ ಲಾಭವೇ. ಕೇಳಿಕೊಳ್ಳದವರಿಗೆ ತಪ್ಪು ಏನನ್ನೂ ಕಲಿಸುವುದಿಲ್ಲ.

ಇದಕ್ಕೆ ನಮ್ಮ ಸೀಮೆಯದೇ ಉದಾಹರಣೆಯಿದೆ. ಹಿರೇಹಡಗಲಿ ಇರುವ ಹೂವಿನಹಡಗಲಿ ತಾಲೂಕಿನ ಅಂಚಿನಲ್ಲಿ ಹರಿದು ಬರುವ ತುಂಗಭದ್ರೆಗೆ ಹೊಸಪೇಟೆಯ ಬಳಿ ಅಣೆಕಟ್ಟು ಇದೆ. 1953ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿಗೆ 33 ಕ್ರಸ್ಟ್‌ಗೇಟ್‌ಗಳು. 2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ್ದಾಗಲೇ, 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಅಣೆಕಟ್ಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ರೈತರ ಕಣ್ಣೆದುರೇ 30 ಟಿಎಂಸಿಗೂ ಹೆಚ್ಚು ನೀರು ಹೊಳೆಯ ಪಾಲಾಯಿತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಜೀವದ ಹಂಗು ತೊರೆದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ಗಳನ್ನು ಇಳಿಸಿದರು. ಒಂದು ವಾರದಲ್ಲಿ ನೀರು ನಿಂತಿತು. ಮಳೆ ಕೈಹಿಡಿದು ಜಲಾಶಯ ಮತ್ತೆ ಬಹುತೇಕ ತುಂಬಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಬರಿಯ ದುರಸ್ತಿಯಾಗುತ್ತಿತ್ತು. ಆದರೆ ಒಂದು ಪ್ರಶ್ನೆ ಉಳಿಯಿತು: ಉಳಿದ 32 ಗೇಟುಗಳ ಗತಿ ಏನು? ಅವೂ ಅದೇ ಕಾಲದವು, ಅದೇ ನೀರಿನಲ್ಲಿ ನಿಂತವು. ಎಪ್ಪತ್ತು ವರ್ಷ ತಡೆದವಲ್ಲ ಎಂಬ ಧೈರ್ಯ ಮುಂದಿನ ಮಳೆಗಾಲಕ್ಕೆ ಆಧಾರವಾಗಲಾರದು. ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ಎಲ್ಲ ಗೇಟುಗಳನ್ನೂ ಬದಲಿಸಬೇಕೆಂದು ಶಿಫಾರಸು ಮಾಡಿತು. 2025ರ ಮಳೆಗಾಲದಲ್ಲಿ ಸುಮಾರು 105 ಟಿಎಂಸಿ ಸಾಮರ್ಥ್ಯದ ಜಲಾಶಯದಲ್ಲಿ 80 ಟಿಎಂಸಿಗೆ ಮಾತ್ರ ನೀರು ನಿಲ್ಲಿಸಲಾಯಿತು. ಗೇಟು ಬದಲಿಸಲು ಅನುವಾಗಲೆಂದು ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು.

ಪ್ರಿಯರೇ, ಇದರಲ್ಲಿ ನಮ್ಮ ಆತ್ಮಶೋಧನೆಗೆ ಎರಡು ಪಾಠಗಳಿವೆ.

ಮೊದಲನೆಯದು, ಮುರಿದ ಗೇಟು ಒಂದಾದರೂ ಪರೀಕ್ಷಿಸಬೇಕಾದದ್ದು ಎಲ್ಲವನ್ನೂ. ನಾವು ಸಾಮಾನ್ಯವಾಗಿ ಸಿಕ್ಕಿಬಿದ್ದ ತಪ್ಪನ್ನು ಮಾತ್ರ ಒಪ್ಪಿಕೊಳ್ಳುತ್ತೇವೆ. ಮಗ ಸುಳ್ಳು ಹೇಳಿದ ಎಂದು ಗದರಿಸುತ್ತೇವೆ. ನಿಜ ಹೇಳಿದರೆ ಏಟು ಬೀಳುವ ಮನೆ ನಮ್ಮದೇ ಎಂಬುದನ್ನು ನೋಡುವುದಿಲ್ಲ. ಕುಡಿತದ ಸಾಲ ತೀರಿಸುತ್ತೇವೆ. ಕುಡಿತ ಹಾಗೇ ಉಳಿಯುತ್ತದೆ. ಒಂದು ತಪ್ಪು ಹೊರಬಿದ್ದಾಗ ‘ಇದೇ ಬೇರಿನಿಂದ ಇನ್ನೇನು ಬೆಳೆದಿದೆ?’ ಎಂದು ಕೇಳುವುದೇ ವಿವೇಕ.

ಎರಡನೆಯದು, ತಿದ್ದುಪಡಿಗೆ ಬೆಲೆಯಿದೆ. ಅದನ್ನು ಅನೇಕ ವೇಳೆ ತಪ್ಪು ಮಾಡದವರು ತೆರುತ್ತಾರೆ. ಬೆಳೆ ಬಿಟ್ಟುಕೊಟ್ಟ ರೈತನ ತಪ್ಪೇನು? ಮನೆಯಲ್ಲೂ ಹಾಗೆಯೇ: ಅಪ್ಪನ ತಪ್ಪಿನ ಬೆಲೆಯನ್ನು ಅವ್ವ ಮತ್ತು ಮಕ್ಕಳು ತೆರುತ್ತಾರೆ. ಆದ್ದರಿಂದಲೇ ಪಾಪನಿವೇದನೆಯ ಸಂಸ್ಕಾರದಲ್ಲಿ ಪಶ್ಚಾತ್ತಾಪದ ಜೊತೆಗೆ ಪ್ರಾಯಶ್ಚಿತ್ತವೂ ಇದೆ. ಕ್ಷಮೆ ದೇವರ ಉಚಿತ ಕೊಡುಗೆ. ನಮ್ಮಿಂದ ನೊಂದವರ ನಷ್ಟವನ್ನು ಕೈಲಾದಷ್ಟು ತುಂಬಿಕೊಡುವುದು ನಮ್ಮ ಹೊಣೆ.

ಸಂತ ಪೇತ್ರರು ಪ್ರಭುವನ್ನು ಮೂರು ಬಾರಿ ಅಲ್ಲಗಳೆದದ್ದನ್ನು ನಾಲ್ಕೂ ಶುಭಸಂದೇಶಗಳು ದಾಖಲಿಸಿವೆ. ಆದಿ ಧರ್ಮಸಭೆ ತನ್ನ ನಾಯಕನ ಪತನವನ್ನು ಮುಚ್ಚಿಡಲಿಲ್ಲ. ಸತ್ಯವನ್ನು ಒಪ್ಪಿ ಅತ್ತ ಅದೇ ಪೇತ್ರರು ಮುಂದೆ ಇತರರನ್ನು ಸ್ಥಿರಪಡಿಸಿದರು.

ಈ ವಾರ ಕುಟುಂಬ ಪ್ರಾರ್ಥನೆಯ ನಂತರ ಐದು ನಿಮಿಷ ಒಟ್ಟಿಗೆ ಕೂರೋಣ. ‘ನನ್ನಿಂದ ತಪ್ಪಾಯಿತು’ ಎಂಬ ಮಾತನ್ನು ಮೊದಲು ಹಿರಿಯರೇ ಆಡಲಿ. ಅದನ್ನು ಕೇಳಿ ಬೆಳೆದ ಮಕ್ಕಳು ಸತ್ಯಕ್ಕೆ ಹೆದರುವುದಿಲ್ಲ. ಆ ಧೈರ್ಯವನ್ನು ಪ್ರಭು ನಮ್ಮೆಲ್ಲರ ಮನೆಗಳಿಗೂ ದಯಪಾಲಿಸಲಿ.