ಮೇಲೆ ಬೆಳ್ಳಿ, ಒಳಗೆ ತಾಮ್ರ

ವೆಳ್ಳಲೂರು ಅಂದರೆ ಇವತ್ತಿನ ಕೊಯಮತ್ತೂರಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನಗರದ ಕಸ ಹೋಗಿ ಬೀಳುವುದು ಅಲ್ಲಿಗೆ. ಅದೇ ವೆಳ್ಳಲೂರಿನಲ್ಲಿ 1842ರಲ್ಲಿ ಐನೂರಕ್ಕೂ ಹೆಚ್ಚು ರೋಮನ್ ಬೆಳ್ಳಿ ನಾಣ್ಯಗಳು ಒಟ್ಟಿಗೆ ಸಿಕ್ಕವು. ಆಮೇಲೂ ಸಿಗುತ್ತಾ ಹೋದವು. 1946ರಲ್ಲಿ ಉಡುಮಲೈಪೇಟೆ ಕಡೆಯ ಬೂದಿನತ್ತಂನಲ್ಲಿ ಸಿಕ್ಕಿದ್ದು ಸಾವಿರಕ್ಕೂ ಮಿಕ್ಕಿ. ನಮ್ಮ ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ಇಂಥದೇ 163 ನಾಣ್ಯಗಳು ಹೊರಬಂದವು.

ಕೊಯಮತ್ತೂರು ಸೀಮೆಯ ಕೊಂಗುನಾಡಿಗೆ ಇಷ್ಟೊಂದು ಬೆಳ್ಳಿ ಬಂದದ್ದು ಪಾಲಕ್ಕಾಡಿನ ಕಣಿವೆಯ ದಾರಿಯಲ್ಲಿ. ಪಶ್ಚಿಮ ಕರಾವಳಿಯ ಮುಜಿರಿಸ್ ಬಂದರಿಗೆ ಹಡಗು, ಅಲ್ಲಿಂದ ಮೆಣಸು ಆ ಕಡೆಗೆ, ನಾಣ್ಯ ಈ ಕಡೆಗೆ. ಕೊಂಗುನಾಡಿನಲ್ಲೂ ಮಾರುವ ಸರಕಿತ್ತು: ಕಾಂಗೇಯಂ ಹತ್ತಿರದ ಪಡಿಯೂರಿನ ನೆಲದಲ್ಲಿ ಸಮುದ್ರದ ಬಣ್ಣದ ಬೆರಿಲ್ ಹರಳುಗಳಿದ್ದವು, ನೊಯ್ಯಲ್ ನದಿಯ ದಡದ ಕೊಡುಮಣಲ್‌ನಲ್ಲಿ ಮಣಿ ಕೊರೆಯುವವರಿದ್ದರು.

ಈ ನಾಣ್ಯಗಳ ಹೆಸರು ದೆನಾರಿಯಸ್. ಕೈಗೆ ತಗೊಂಡರೆ ನಮ್ಮ ಒಂದು ರೂಪಾಯಿ ಬಿಲ್ಲೆಗಿಂತ ಚಿಕ್ಕದು, ದಪ್ಪ ಮಾತ್ರ ಹೆಚ್ಚು. ರೋಮನ್ ಚಕ್ರವರ್ತಿ ಅಗಸ್ಟಸನ ನಾಣ್ಯದ ಹಿಂಬದಿಯಲ್ಲಿ ಗುರಾಣಿ, ಈಟಿ ಹಿಡಿದು ನಿಂತ ಇಬ್ಬರು ಹುಡುಗರು. ಅವನ ಮಗಳ ಮಕ್ಕಳು ಅವರು. ಅವನ ನಂತರ ಬಂದ ಟೈಬೀರಿಯಸನ ನಾಣ್ಯದಲ್ಲಿ ಕುಳಿತ ಹೆಂಗಸು. ದಕ್ಷಿಣದ ನಿಧಿಗಳಲ್ಲಿ ಬಹುಪಾಲು ಈ ಇಬ್ಬರ ನಾಣ್ಯಗಳೇ. ಕ್ರಿ.ಶ. 37ರಲ್ಲಿ ಟೈಬೀರಿಯಸ್ ಸತ್ತ ಮೇಲಿನ ಬೆಳ್ಳಿ ಅಪರೂಪ. ವ್ಯಾಪಾರವೇನೂ ನಿಂತಿರಲಿಲ್ಲ. ಹಾಗಾದರೆ ಮುಂದಿನ ಬೆಳ್ಳಿ ಎಲ್ಲಿ ಹೋಯಿತು?

ತೂಕ ಹಾಕಿ ನೋಡೋಣ. ಅಗಸ್ಟಸನ ಕಾಲದ ದೆನಾರಿಯಸ್ ಸುಮಾರು 3.8 ಗ್ರಾಂ, ಅದರಲ್ಲಿ ಶೇ. 98ರಷ್ಟು ಬೆಳ್ಳಿ. ಕ್ರಿ.ಶ. 64ರ ಸುಮಾರಿಗೆ ಚಕ್ರವರ್ತಿ ನೀರೋ ತೂಕವನ್ನು 3.4 ಗ್ರಾಂಗೆ ಇಳಿಸಿ, ಬೆಳ್ಳಿಯನ್ನು ಶೇ. 80ಕ್ಕೆ ತಂದ. ಅಂದರೆ ಒಂದೊಂದು ನಾಣ್ಯದಲ್ಲೂ ಸುಮಾರು ಒಂದು ಗ್ರಾಂ ಬೆಳ್ಳಿ ಮಾಯ. ಅದಕ್ಕೆ ಕೆಲವೇ ವರ್ಷ ಹಿಂದೆ, ಕ್ಲಾಡಿಯಸನ ಕಾಲದಲ್ಲಿ, ದೊರೆಗಳ ಮುಖ ಬೇರೆಬೇರೆಯಾದರೂ ನಾಣ್ಯದ ತೂಕ ಒಂದೇ ಇದೆಯೆಂದು ಸಿಂಹಳದ ಅರಸ ರೋಮನ್ನರನ್ನು ಮೆಚ್ಚಿದನಂತೆ. ಹೇಳಿದವನು ರೋಮನ್ ಲೇಖಕ ಪ್ಲಿನಿ. ಮೆಚ್ಚುಗೆ ಸ್ವಲ್ಪ ಅವಸರದ್ದಾಯಿತು.

ನಮ್ಮ ವರ್ತಕರು ಬೆರಕೆ ನಾಣ್ಯವನ್ನು ತಿರಸ್ಕರಿಸಿದರು ಎಂಬುದು ರೂಢಿಯ ವಿವರಣೆ. ಕೇಳಲು ಹಿತವಾಗಿದೆ, ಆದರೆ ಆಯ್ಕೆ ರೋಮಿನ ತುದಿಯಲ್ಲೇ ನಡೆದಿರಲೂಬಹುದು. ಮುಖಬೆಲೆ ರೋಮಿನಲ್ಲಿ ನಡೆಯುತ್ತದೆ, ಹೊರನಾಡಿನಲ್ಲಿ ನಡೆಯುವುದು ತೂಕ. ಬುದ್ಧಿವಂತ ವ್ಯಾಪಾರಿ ಹೊಸ ನಾಣ್ಯವನ್ನು ಊರಲ್ಲಿ ಖರ್ಚು ಮಾಡಿ, ಹಳೆಯದನ್ನು ಹಡಗಿಗೆ ಏರಿಸುತ್ತಾನೆ. ಹಾಗಾಗಿ ನಾಣ್ಯ ಟಂಕಿಸಿದ ಕಾಲವೇ ಅದು ನೊಯ್ಯಲ್ ದಡ ಮುಟ್ಟಿದ ಕಾಲ ಎನ್ನುವಂತಿಲ್ಲ.

ಬೆರಕೆಯನ್ನು ಕಂಡುಹಿಡಿಯುವುದು ಹೇಗೆ? ಆರ್ಕಿಮಿಡಿಸನ ನೀರಿನ ಉಪಾಯ ಇಲ್ಲಿ ಕಷ್ಟ. ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96. ಶೇ. 20 ತಾಮ್ರ ಬೆರೆತ 3.4 ಗ್ರಾಂ ನಾಣ್ಯ, ಅಪ್ಪಟ ಬೆಳ್ಳಿಯದಕ್ಕಿಂತ ಹೆಚ್ಚಿಗೆ ಸರಿಸುವ ನೀರು ಒಂದು ಹನಿಯ ಐದನೇ ಒಂದು ಪಾಲು ಅಷ್ಟೆ. ಬಣ್ಣ ನೋಡಿಯೂ ಹೇಳಲಾಗದು, ಏಕೆಂದರೆ ಟಂಕಸಾಲೆಯವರು ಮೋಸವನ್ನು ಮೈಮೇಲೆ ಕಾಣಗೊಡುತ್ತಿರಲಿಲ್ಲ. ಬೆರಕೆ ಬಿಲ್ಲೆಯನ್ನು ಕಾಯಿಸಿದರೆ ಮೇಲ್ಮೈಯ ತಾಮ್ರ ಗಾಳಿಯ ಆಮ್ಲಜನಕ ಸೇರಿ ಕಪ್ಪಾಗುತ್ತದೆ. ಹುಳಿದ್ರಾವಣದಲ್ಲಿ ಅದ್ದಿದರೆ ಆ ಕಪ್ಪು ಕರಗಿ ಹೋಗುತ್ತದೆ. ತಾಮ್ರದ ಚೆಂಬನ್ನು ಹುಣಸೆಹಣ್ಣಿನಲ್ಲಿ ತಿಕ್ಕುವವರಿಗೆ ಈ ರಸಾಯನಶಾಸ್ತ್ರ ಹೊಸದಲ್ಲ. ಉಳಿಯುವುದು ಸ್ಪಂಜಿನಂಥ ಬೆಳ್ಳಿಯ ಪದರ. ಅಚ್ಚಿನ ಏಟು ಬಿದ್ದಾಗ ಅದು ಚಪ್ಪಟೆಯಾಗಿ ಫಳಫಳ ಹೊಳೆಯುತ್ತದೆ.

ಈ ಪದರಕ್ಕೆ ವಿಜ್ಞಾನಿಗಳೂ ಮೋಸಹೋದರು. ಎಕ್ಸ್-ಕಿರಣದ ಯಂತ್ರ ನೋಡುವುದು ನಾಣ್ಯದ ಚರ್ಮವನ್ನು ಮಾತ್ರ. 1970ರ ದಶಕದಲ್ಲಿ ಹಾಗೆ ಅಳೆದಾಗ ನೀರೋನ ಬೆಳ್ಳಿ ಶೇ. 93ರ ಆಸುಪಾಸು ಬಂದಿತ್ತು. ಆಮೇಲೆ ಸಂಶೋಧಕರಾದ ಕೆವಿನ್ ಬುಚರ್, ಮ್ಯಾಥ್ಯೂ ಪಾಂಟಿಂಗ್ ನಾಣ್ಯದ ಅಂಚಿನಲ್ಲಿ ಸಣ್ಣ ತೂತು ಕೊರೆದು, ಮೇಲಿನ ಪುಡಿ ಬಿಟ್ಟು ಒಡಲಿನ ಪುಡಿ ಪರೀಕ್ಷಿಸಿದರು. ಆಗ ಸಿಕ್ಕಿದ್ದೇ ಶೇ. 80ರ ಲೆಕ್ಕ.

ಈಗ ನಮ್ಮ ನಿಧಿಗಳತ್ತ ನೋಡಿ. ದಕ್ಷಿಣ ಭಾರತದಲ್ಲಿ ಸಿಕ್ಕ ಎಷ್ಟೋ ರೋಮನ್ ನಾಣ್ಯಗಳ ಮೇಲೆ ಉಳಿಯಿಂದ ಸೀಳಿದ ಗಾಯವಿದೆ. 1898ರ ಪುದುಕ್ಕೋಟೆ ನಿಧಿಯ ಚಿನ್ನದ ನಾಣ್ಯಗಳಲ್ಲಂತೂ ಚಕ್ರವರ್ತಿಯ ಮುಖವೇ ಸೀಳಿದೆ. ಚಲಾವಣೆ ರದ್ದುಮಾಡಲು ಹೀಗೆ ಮಾಡಿದ್ದು ಎನ್ನುವ ವಿದ್ವಾಂಸರಿದ್ದಾರೆ. ಚಿನ್ನದ ಮಟ್ಟಿಗೆ ಇರಬಹುದು. ಬೆಳ್ಳಿಯ ವಿಷಯದಲ್ಲಿ ನನಗೆ ಚಿನಿವಾರನ ಕೈಯೇ ಕಾಣುತ್ತದೆ. ಒಳಗೆ ತಾಮ್ರ, ಹೊರಗೆ ಬೆಳ್ಳಿಯ ತಗಡು ಹೊದಿಸಿದ ಖೋಟಾ ದೆನಾರಿಯಸ್‌ಗಳೂ ಆ ಕಾಲದಲ್ಲಿ ಓಡಾಡುತ್ತಿದ್ದವು. ಒರೆಗಲ್ಲಿಗೆ ಹಗುರಾಗಿ ತಿಕ್ಕಿದರೆ ಅವು ಪಾಸಾಗಿಬಿಡುತ್ತಿದ್ದವು. ಉಳಿಯ ಒಂದು ಏಟಿಗೆ ಕೆಂಪು ಬಯಲಾಗುತ್ತಿತ್ತು.

ಇದೇ ಕಥೆ ನಮ್ಮ ಅಜ್ಜ-ಅಜ್ಜಿಯರ ಕಾಲದಲ್ಲೂ ನಡೆಯಿತು. ತಿರುಪ್ಪೂರು, ಕೊಯಮತ್ತೂರಿನ ಕನ್ನಡ ಮನೆಮಾತಿನ ದೇವಾಂಗ ನೇಕಾರರ ಮನೆಗಳಲ್ಲಿ ಹಳೆಯ ರೂಪಾಯಿ ಇದ್ದರೆ ಇಸವಿ ನೋಡಿ. ತೂಕ ಒಂದು ತೊಲ, 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಎರಡನೇ ಮಹಾಯುದ್ಧದ ಒತ್ತಡದಲ್ಲಿ 1940ರಿಂದ ಅದು ಅರ್ಧಕ್ಕೆ ಇಳಿಯಿತು. ಉಳಿದದ್ದು ತಾಮ್ರ, ನಿಕ್ಕಲ್, ಸತು. ತೂಕ ಮಾತ್ರ ಅದೇ. ಖೋಟಾ ತಡೆಯಲು ಅಂಚಿನ ಗೀರುಗಳ ನಡುವೆ ಒಂದು ತೋಡನ್ನೂ ಕೊಟ್ಟರು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಇಡೀ ಬಿಲ್ಲೆ ನಿಕ್ಕಲ್. ಅದಕ್ಕೆ ಉಳಿಯೂ ಬೇಡ, ಡ್ರಿಲ್ಲೂ ಬೇಡ. ಮಕ್ಕಳ ಆಟದ ಅಯಸ್ಕಾಂತ ಹತ್ತಿರ ಹಿಡಿದರೆ ಟಪ್ಪನೆ ಅಂಟಿಕೊಳ್ಳುತ್ತದೆ.