ಕೋಡಿಯಲ್ಲಿ ಸಿಲುಕಿದ ಮೀನು

ಹೊಂಗನೂರಿನ ಕೆರೆಯನ್ನು ಕಂಡವರಿಗೆ ಕೋಡಿಯೆಂದರೇನೆಂದು ವಿವರಿಸಬೇಕಾದುದಿಲ್ಲ. ತೂಬು ಎಂಬುದು ಬೇಕಾದಾಗ ಬೇಕಾದಷ್ಟು ನೀರನ್ನು ಬಿಡುವ ಬಾಗಿಲು. ಕೋಡಿಯೆಂಬುದು ಹೆಚ್ಚಾದ ನೀರು ತಾನಾಗಿಯೇ ಹೊರಬೀಳುವ ದಾರಿ. ಏರಿಯ ತಲೆಗಿಂತ ತಗ್ಗಾಗಿ ಕಟ್ಟಿದ ಆ ಕಲ್ಲುಕಟ್ಟಡದ ಮಟ್ಟವೇ ತುಂಬಿದ ಕೆರೆಯ ಮಟ್ಟ. ತಮಿಳರು ಇದನ್ನು ಕಲಿಂಗು ಎನ್ನುವರು, ತೆಲುಗರು ಅಲುಗು ಎನ್ನುವರು, ನಮ್ಮಲ್ಲಿ ಕೋಡಿ. ಕೋಡಿಹಳ್ಳಿಯೆಂಬ ಊರುಗಳು ಕನ್ನಡ ನಾಡಿನಲ್ಲಿ ಹಲವುಂಟು. ನೆರೆಯ ಕನಕಪುರ ತಾಲ್ಲೂಕಿನಲ್ಲಿಯೂ ಒಂದಿದೆ. ಕೆರೆಯನ್ನು ನಂಬಿ ಬದುಕಿದ ಜನರ ಭಾಷೆಯಲ್ಲಿ ಈ ಪದಕ್ಕೆ ಇಷ್ಟು ನೆಲೆ ದೊರೆತುದು ಸಹಜವೇ ಆಗಿದೆ.

ಕೋಡಿಯಲ್ಲಿ ನೀರು ಮಾತ್ರವೇ ಇಳಿಯುವುದಿಲ್ಲ. 2022ರ ಆಗಸ್ಟ್ ತಿಂಗಳ ಕಡೆಯಲ್ಲಿ ರಾಮನಗರ ಚನ್ನಪಟ್ಟಣಗಳ ಸೀಮೆಯಲ್ಲಿ ಸುರಿದ ಮಹಾಮಳೆಗೆ ಅನೇಕ ಕೆರೆಗಳು ಕೋಡಿ ಬಿದ್ದಾಗ, ಸಾಕಿದ ಕಾಟ್ಲ, ರೋಹು ಮೀನುಗಳು ನೀರಿನೊಡನೆ ಕೆಳಗಿಳಿದು ಹಳ್ಳಗಳ ಪಾಲಾದುವು. ಪ್ರವಾಹ ತಗ್ಗಿದ ಮೇಲೆ ಕೋಡಿಯ ಬುಡದ ಗುಂಡಿಗಳಲ್ಲಿ ಉಳಿದ ಮೀನುಗಳಿಗೆ ಹಿಂದಕ್ಕೆ ಹೋಗಲು ದಾರಿಯಿಲ್ಲ, ಮುಂದಕ್ಕೆ ಹೋಗಲು ನೀರಿಲ್ಲ. ನಾವು ಹುಡುಗರಾಗಿದ್ದಾಗ ಇಂತಹ ಗುಂಡಿಗೆ ಧುಮುಕಿ, ಪಂಚೆಯನ್ನು ಹರವಿ, ಮೀನನ್ನು ಕೆರೆಗೆ ಮರಳಿ ಬಿಡುವ ಪುಣ್ಯಕಾರ್ಯದಲ್ಲಿ ಅವುಗಳಲ್ಲಿ ಅರ್ಧವನ್ನು ಕೊಂದುಬಿಡುತ್ತಿದ್ದೆವು. ಕೆರೆ ಕಾಯುತ್ತಿದ್ದ ಮುದುಕನೊಬ್ಬನು ಒಮ್ಮೆ ನಮ್ಮನ್ನೆಲ್ಲ ದಡಕ್ಕೆ ಹತ್ತಿಸಿ, “ನೀರ ಕದಡಬ್ಯಾಡ್ರಪ್ಪ, ಉಸುರು ಕಟ್ತದೆ” ಎಂದು ಗದರಿದನು. ಕೆಸರು ತಿಳಿಯಾಗುವವರೆಗೆ ಸುಮ್ಮನೆ ಕುಳಿತಿದ್ದು, ಮಡಕೆಯನ್ನು ನೀರೊಳಗೆ ಅಡ್ಡಲಾಗಿ ಮಲಗಿಸಿ, ಇನ್ನೊಂದು ಕಡೆಯಿಂದ ಅಂಗೈಯನ್ನು ಮೆಲ್ಲಗೆ ಆಡಿಸಿದನು. ಮೀನು ನೆರಳನ್ನು ಹುಡುಕಿಕೊಂಡು ತಾನೇ ಮಡಕೆಯನ್ನು ಹೊಕ್ಕಿತು. ನೀರು ಸಹಿತವಾಗಿ ಅದನ್ನೆತ್ತಿ ಏರಿಯ ಮೇಲೆ ಹೊತ್ತು ಕೆರೆಗೆ ಬಿಟ್ಟನು.

ಈ ಪಾಠವನ್ನು ನಾನು ಮರೆತಿದ್ದೆನು. ಅದನ್ನು ಮತ್ತೆ ಕಲಿಯಬೇಕಾಗಿ ಬಂದುದು ಬೆಂಗಳೂರಿನಲ್ಲಿ, ನನ್ನ ಮಗಳ ಮನೆಯ ನಡುಮನೆಯಲ್ಲಿ.

ಅಳಿಯಂದಿರು ಸಮುದ್ರದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕಿದ್ದಾರೆ. ಕಿತ್ತಳೆ ಮೈಗೆ ಬಿಳಿಯ ಪಟ್ಟೆಗಳುಳ್ಳ, ಕ್ಲೌನ್ ಮೀನು ಎಂದು ಹೆಸರಾದ ಜೋಡಿಯೊಂದು ಅದರಲ್ಲಿತ್ತು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ತೆರೆದ ಸರ್ಕಾರಿ ಮತ್ಸ್ಯಾಲಯವನ್ನು ನೋಡಿದವರು ಗಾಜಿನ ತೊಟ್ಟಿಯನ್ನು ಬಲ್ಲರು. ಆದರೆ ಸಿಹಿನೀರಿನ ತೊಟ್ಟಿಗಿಂತ ಉಪ್ಪುನೀರಿನ ತೊಟ್ಟಿಯ ಏರ್ಪಾಡು ಬೇರೆ. ಅದರ ಮೂಲೆಯಲ್ಲಿ ಕಪ್ಪು ಗಾಜಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿದ, ಅಂಗೈಯಗಲದ ಕಂಬದಂತಹ ಪೆಟ್ಟಿಗೆಯೊಂದಿರುತ್ತದೆ. ಅದರ ಮೇಲಂಚನ್ನು ಬಾಚಣಿಗೆಯ ಹಲ್ಲುಗಳಂತೆ ಕತ್ತರಿಸಿರುತ್ತಾರೆ. ತೊಟ್ಟಿಯ ನೀರು ಈ ಹಲ್ಲುಗಳ ಸಂದಿನಿಂದ ಪೆಟ್ಟಿಗೆಯೊಳಕ್ಕೆ ಬಿದ್ದು, ಅಲ್ಲಿಂದ ಕೊಳವೆಯ ಮೂಲಕ ಕೆಳಗಣ ಸಂಪಿಗೆ ಇಳಿದು, ಅಲ್ಲಿ ಶೋಧನೆಗೊಂಡು, ಪಂಪಿನ ಬಲದಿಂದ ಮತ್ತೆ ತೊಟ್ಟಿಗೆ ಏರುತ್ತದೆ. ಅಂಗಡಿಯವರು ಇದನ್ನು ಓವರ್‌ಫ್ಲೋ ಬಾಕ್ಸ್ ಎನ್ನುತ್ತಾರೆ. ಕೋಡಿಪೆಟ್ಟಿಗೆ ಎಂದರೆ ನಮ್ಮವರಿಗೆ ಒಂದೇ ಮಾತಿನಲ್ಲಿ ಎಲ್ಲವೂ ಅರ್ಥವಾದೀತು.

ಇದನ್ನು ಇರಿಸುವುದಕ್ಕೆ ಕಾರಣಗಳುಂಟು. ನೀರಿನ ಮೇಲೆ ಕಟ್ಟುವ ಜಿಡ್ಡಿನ ಪೊರೆಯು ಕೋಡಿಯಲ್ಲಿ ಮೊದಲು ಇಳಿದುಹೋಗುತ್ತದೆ. ಅದರಿಂದ ಗಾಳಿಯಲ್ಲಿನ ಆಮ್ಲಜನಕವು ನೀರಿಗೆ ಸುಲಭವಾಗಿ ಬೆರೆಯುತ್ತದೆ. ಮೇಲಿನ ತೊಟ್ಟಿಯ ಮಟ್ಟವು ಸದಾ ಒಂದೇ ಆಗಿರುತ್ತದೆ. ನೀರು ಆವಿಯಾಗಿ ಹೋದ ನಷ್ಟವೆಲ್ಲ ಸಂಪಿನಲ್ಲಿಯೇ ಕಾಣುತ್ತದೆ. ಉಪ್ಪು ಆವಿಯಾಗುವುದಿಲ್ಲವಾದ ಕಾರಣ ಆ ನಷ್ಟವನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ತೊಟ್ಟಿಯಲ್ಲಿಯೂ ಅಷ್ಟೇ ಇರಬೇಕು.

ಮೀನು ಈ ಪೆಟ್ಟಿಗೆಗೆ ಬೀಳುವುದೇಕೆ? ನೀರಿನ ಸೆಳೆತವೇ ಕಾರಣವೆಂದು ನಾನು ಭಾವಿಸಿದ್ದೆನು. ಆರೋಗ್ಯವುಳ್ಳ ಮೀನಿಗೆ ಆ ಸೆಳೆತ ಏನೇನೂ ಅಲ್ಲ. ರಾತ್ರಿಯಲ್ಲಿ ಥಟ್ಟನೆ ದೀಪ ಹಾಕಿದಾಗ, ಬಲಶಾಲಿಯಾದ ಇನ್ನೊಂದು ಮೀನು ಅಟ್ಟಿದಾಗ ಅದು ಬೆದರಿ ಹಾರುತ್ತದೆ; ಮೂಲೆಯಲ್ಲಿದ್ದರೆ ಹಲ್ಲುಗಳ ಆಚೆಗೆ ಬೀಳುತ್ತದೆ. ಸಣ್ಣ ಮರಿಗಳೂ ಕೃಶವಾದ ಮೈಯ ಮೀನುಗಳೂ ಸಂದಿನಲ್ಲಿಯೇ ನುಸುಳಿಬಿಡುತ್ತವೆ. ಒಳಗೆ ಬಿದ್ದ ಮೇಲೆ ಸುತ್ತಲೂ ಗೋಡೆ, ಮೇಲಿನಿಂದ ಬೀಳುವ ನೀರಿನ ಸದ್ದು, ಕತ್ತಲೆ.

ಅಳಿಯಂದಿರು ಊರಿನಲ್ಲಿಲ್ಲದ ದಿನ ಜೋಡಿಯಲ್ಲೊಂದು ಕಾಣದಾಯಿತು. ಮಗಳು ಪೆಟ್ಟಿಗೆಯೊಳಗೆ ಬೆಳಕು ಹಾಯಿಸಿ, “ಅಪ್ಪಾ, ಇಲ್ಲಿದೆ” ಎಂದು ಕೂಗಿದಳು. ಪೆಟ್ಟಿಗೆಯ ನಡುವೆ ನಿಂತ ಕೊಳವೆಯನ್ನು ಕಂಡ ನನಗೆ ಅದು ತೂಬೆಂದೇ ತೋರಿತು. ತೂಬನ್ನೆತ್ತಿದರೆ ನೀರಿಳಿಯುತ್ತದೆ, ನೀರಿಳಿದರೆ ಮೀನು ತಳದಲ್ಲಿ ಕೈಗೆ ಸಿಗುತ್ತದೆ ಎಂದು ತರ್ಕಿಸಿ, ಕೊಳವೆಯನ್ನು ಹಿಡಿದು ಮೇಲಕ್ಕೆ ಕಿತ್ತೆನು. ನಾಲ್ಕು ಮೊಳ ಏರಿಯ ಕೆಳಗಿನ ತೂಬನ್ನು ಬಲ್ಲವನ ಪಾಂಡಿತ್ಯ ಅದು! ಪೆಟ್ಟಿಗೆಯ ನೀರೆಲ್ಲ ಒಂದೇ ಉಸಿರಿಗೆ ತಳದ ರಂಧ್ರದಲ್ಲಿ ಇಳಿಯಿತು. ಮೀನೂ ಅದರೊಡನೆ ಇಳಿಯಿತು. ಸಂಪು ತುಂಬಿ ನೆಲದ ಮೇಲೆ ಉಪ್ಪುನೀರು ಹರಿಯಿತು. ಕೊಳವೆಯ ಕೊನೆಗೆ ಕಟ್ಟಿದ್ದ ಬಟ್ಟೆಯ ಚೀಲದಲ್ಲಿ ಮೀನು ಜೀವಸಹಿತವಾಗಿಯೇ ದೊರಕಿತು. ಆದರೆ ಅದರ ರೆಕ್ಕೆ ಹರಿದಿತ್ತು, ಮೈಯ ಲೋಳೆ ಕೆತ್ತಿಹೋಗಿತ್ತು. ಮೂರನೆಯ ದಿನ ಸತ್ತಿತು. ಅಳಿಯಂದಿರು “ಹೋಗಲಿ ಬಿಡಿ ಮಾವ” ಎಂದರು. ಉಳಿದ ಒಂಟಿ ಮೀನು ಆ ಮೂಲೆಯನ್ನು ಬಿಟ್ಟು ಕದಲದಿದ್ದುದನ್ನು ನೋಡಿದ ನನಗೆ ಹಾಗೆ ಬಿಡಲಾಗಲಿಲ್ಲ. ಈ ಲೇಖನಕ್ಕೆ ಅದೇ ಪ್ರೇರಣೆ.

ಮೊದಲು ತಿಳಿಯಬೇಕಾದುದೇನೆಂದರೆ, ಅವಸರಕ್ಕೆ ಕಾರಣವೇ ಇಲ್ಲವೆಂಬುದು. ಕೆರೆಯ ಕೆಳಗಣ ಗುಂಡಿಯು ದಿನದಿನಕ್ಕೆ ಬತ್ತುತ್ತದೆ; ಕೋಡಿಪೆಟ್ಟಿಗೆಯಲ್ಲಾದರೋ ಹೊಸ ನೀರು ಎಡೆಬಿಡದೆ ಬೀಳುತ್ತಿರುತ್ತದೆ, ಆಮ್ಲಜನಕಕ್ಕೆ ಕೊರತೆಯಿಲ್ಲ, ತೇಲಿಬಂದ ಆಹಾರದ ಕಣವೂ ಸಿಕ್ಕೀತು. ಮೀನು ಅಲ್ಲಿ ಕೆಲವು ದಿನ ಬದುಕಿರಬಲ್ಲದು. ಅದಕ್ಕಿರುವ ನಿಜವಾದ ಅಪಾಯ ಎರಡು: ಕೊಳವೆಯೊಳಕ್ಕೆ ಸೇರಿಹೋಗುವುದು ಮತ್ತು ನಮ್ಮ ಕೈ. ಕೊಳವೆಯಲ್ಲಿ ಮೀನು ಸಿಕ್ಕಿಕೊಂಡರೆ ನೀರಿಗೆ ದಾರಿ ಕಟ್ಟಿ ತೊಟ್ಟಿಯೇ ಉಕ್ಕೀತು. ಆದುದರಿಂದ ಬೆಳಕು ಹಾಯಿಸಿ ಕೊಳವೆಯ ಬಾಯಿ ಎಲ್ಲಿದೆಯೆಂದು ನೋಡಬೇಕು. ಅದು ತೆರೆದಿದ್ದರೆ ಒರಟು ಪ್ಲಾಸ್ಟಿಕ್ ಜಾಲರಿಯನ್ನು ಅದಕ್ಕೆ ತೊಡಿಸಬೇಕು.

ಆ ಬಳಿಕವೇ ಪಂಪನ್ನು ನಿಲ್ಲಿಸತಕ್ಕದ್ದು. ಪಂಪು ನಿಂತರೆ ತೊಟ್ಟಿಯ ನೀರು ಹಲ್ಲುಗಳ ಮಟ್ಟಕ್ಕೆ ಇಳಿದು ಕೋಡಿ ನಿಲ್ಲುತ್ತದೆ. ಪೆಟ್ಟಿಗೆಯೊಳಗಿನ ನೀರು ಕೊಳವೆಯ ಬಾಯಿಯ ಮಟ್ಟದಲ್ಲಿ ನಿಲ್ಲುತ್ತದೆ. ಸದ್ದಡಗಿ ಮೀನು ಶಾಂತವಾಗುತ್ತದೆ. ಕೊಳವೆಯ ಬಾಯಿ ಪೆಟ್ಟಿಗೆಯ ತಳದಲ್ಲಿಯೇ ಇದ್ದರೆ ಮಾತ್ರ ಹೀಗೆ ಮಾಡಲಾಗದು. ಪಂಪು ನಿಂತೊಡನೆ ಮೀನು ಒಣನೆಲದಲ್ಲಿ ಉಳಿದೀತು. ಅರ್ಧ ಗಂಟೆ ಪಂಪು ನಿಂತಿದ್ದರೆ ತೊಟ್ಟಿಯ ಇತರ ಜೀವಿಗಳಿಗೆ ತೊಂದರೆಯಿಲ್ಲ. ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಪಂಪನ್ನು ನಡೆಸಿ, ಮತ್ತೊಮ್ಮೆ ಯತ್ನಿಸಬಹುದು.

ಕೈಬಲೆಯನ್ನು ನಾನು ಮೆಚ್ಚುವುದಿಲ್ಲ. ಅಂಗೈಯಗಲದ ಪೆಟ್ಟಿಗೆಯಲ್ಲಿ ಬಲೆಯೂ ಕೊಳವೆಯೂ ಮೀನೂ ತಿರುಗಲು ಎಡೆಯೆಲ್ಲಿ? ಬಾಲದ ಬುಡದಲ್ಲಿ ಅಲಗಿನಂತಹ ಮುಳ್ಳುಳ್ಳ ಸರ್ಜನ್ ಮೀನಿನಂತಹವು ಬಲೆಗೆ ಸಿಕ್ಕಿಕೊಂಡರೆ ಬಿಡಿಸುವುದರಲ್ಲಿಯೇ ಅವುಗಳ ಪ್ರಾಣ ಅರ್ಧವಾಗುತ್ತದೆ. ಒಣಗಿದ ಕೈಯಿಂದ ಹಿಡಿದರೆ ರೋಗದಿಂದ ಕಾಯುವ ಲೋಳೆ ಕಿತ್ತುಬರುತ್ತದೆ. ತೊಟ್ಟಿಯ ನೀರಿನ ಮಟ್ಟವನ್ನೇ ಹಲ್ಲುಗಳಿಗಿಂತ ಮೇಲಕ್ಕೇರಿಸಿ, ಮೀನು ತಾನೇ ಈಜಿ ಹೊರಬರುವಂತೆ ಮಾಡುವವರೂ ಉಂಟು. ಉಪಾಯವೇನೋ ಸೊಗಸು, ಆದರೆ ಅದಕ್ಕಾಗಿ ಕೊಳವೆಯ ಬಾಯನ್ನು ಬಿಗಿಯಬೇಕು, ಒಂದು ನಿಮಿಷ ಮೈಮರೆತರೂ ನೀರು ಮನೆಯ ನೆಲಕ್ಕೆ. ಕೋಡಿಯನ್ನು ಕಟ್ಟಿ ಏರಿಯನ್ನು ನಂಬುವ ಕೆಲಸವದು.

ಎರಡನೆಯ ಬಾರಿ, ಕೆಲವು ತಿಂಗಳುಗಳ ಅನಂತರ, ಆ ಒಂಟಿ ಮೀನಿಗೆ ಜೊತೆಯಾಗಿ ತಂದ ಮರಿಯು ಅದೇ ಪೆಟ್ಟಿಗೆಗೆ ಬಿದ್ದಾಗ ನಾವು ಮಡಕೆಯ ದಾರಿಯನ್ನೇ ಹಿಡಿದೆವು. ಮಡಕೆಗೆ ಬದಲಾಗಿ ಸಣ್ಣ ಪ್ಲಾಸ್ಟಿಕ್ ಬಾಟಲಿ. ಅದರ ಕೊರಳನ್ನು ಕತ್ತರಿಸಿ ತೆಗೆದು, ತಲೆಕೆಳಗಾಗಿ ಒಳಕ್ಕೆ ಸೇರಿಸಿ ಹೊಲಿದೆವು. ಹೊಗಲು ಸುಲಭ, ಹೊರಬರುವ ದಾರಿ ತಿಳಿಯುವುದು ಕಷ್ಟ. ಕತ್ತರಿಸಿದ ಅಂಚುಗಳನ್ನು ಉಜ್ಜಿ ನಯಗೊಳಿಸಿ, ಮೈಗೆ ಸಣ್ಣ ತೂತುಗಳನ್ನು ಮಾಡಿ, ಮುಳುಗಲೆಂದು ತೊಟ್ಟಿಯದೇ ಒಂದು ಕಲ್ಲನ್ನಿಟ್ಟು, ದಾರ ಕಟ್ಟಿದೆವು. ಸಾಬೂನನ್ನು ಸೋಕಿಸಲಿಲ್ಲ, ಅದರ ಲೇಶವೂ ಮೀನಿಗೆ ವಿಷ. ಆಮಿಷಕ್ಕೆ ಸೀಗಡಿಯ ತುಣುಕು ಒಳ್ಳೆಯದೆನ್ನುತ್ತಾರೆ. ನಮ್ಮಂತಹ ಮನೆಯಲ್ಲಿ ಸೀಗಡಿಯೆಲ್ಲಿಂದ ಬರಬೇಕು? ಮೀನಿಗೆ ದಿನವೂ ಹಾಕುವ ಒಣ ಗುಳಿಗೆಗಳೇ ಸಾಕಾದುವು. ಬಾಟಲಿಯನ್ನಿಳಿಸಿ ದೀಪವಾರಿಸಿ ದೂರ ಕುಳಿತೆವು. ಮೊದಲ ಸಲ ಬರಲಿಲ್ಲ. ಪಂಪನ್ನು ಮತ್ತೆ ನಡೆಸಿ, ಮಧ್ಯಾಹ್ನದ ಊಟದ ಮೇಲೆ ಇನ್ನೊಮ್ಮೆ ಇಳಿಸಿದೆವು. ಹಸಿದಿದ್ದ ಮರಿಯು ಎರಡು ಸಲ ಬಾಯಿಯವರೆಗೆ ಬಂದು ಹಿಂದಿರುಗಿ, ಮೂರನೆಯ ಸಲ ಒಳಹೊಕ್ಕಿತು. ಮಗಳು ಬಾಟಲಿಯನ್ನು ನೆಟ್ಟಗೆ ಹಿಡಿದು ಮೆಲ್ಲನೆ ಎಳೆದಳು. ನೀರಿನ ಮೇಲಕ್ಕೆ ಬರುವ ಮುನ್ನ ಅಗಲವಾದ ಲೋಟವೊಂದನ್ನು ಅಡಿಗೊಡ್ಡಿದುದರಿಂದ, ತೂತುಗಳಲ್ಲಿ ನೀರು ಸೋರಿದರೂ ಮೀನು ಗಾಳಿಗೆ ತೆರೆಯಲಿಲ್ಲ. ಹಾಗೆಯೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಬಿಟ್ಟೆವು. ಮರಿಯು ಗಾಯವಿಲ್ಲದೆ ಬಂಡೆಯ ಮರೆ ಸೇರಿತು. ಆ ಸಂಜೆ ದೀಪ ಹಾಕಲಿಲ್ಲ. ಕತ್ತಲೆಯಲ್ಲಿ ಇತರ ಮೀನುಗಳು ಅದನ್ನು ಅಟ್ಟುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನಿಸಬೇಕು. ಎತ್ತಿದ ಮೀನನ್ನು ಕ್ಷಣಕಾಲ ನಲ್ಲಿಯ ನೀರಿನ ಬಕೆಟ್ಟಿನಲ್ಲಿ ಬಿಟ್ಟರೇನು ಎಂದು ಕೇಳಿದವರುಂಟು. ನಮ್ಮ ಕೆರೆಯ ಮೀನಿನ ರಕ್ತವು ಕೆರೆಯ ನೀರಿಗಿಂತ ಉಪ್ಪು. ಹೊರಗಣ ನೀರು ಸದಾ ಅದರ ಮೈಯೊಳಕ್ಕೆ ಸೇರುತ್ತಿರುತ್ತದೆ, ಅದು ಹೇರಳವಾಗಿ ಮೂತ್ರವಿಸರ್ಜಿಸಿ ಅದನ್ನು ಹೊರದೂಡುತ್ತದೆ. ಸಮುದ್ರದ ಮೀನಿನ ರಕ್ತವಾದರೋ ಕಡಲ ನೀರಿಗಿಂತ ಸಪ್ಪೆ. ಅದರ ಮೈಯ ನೀರು ಹೊರಕ್ಕೆ ಸೋರುತ್ತಿರುತ್ತದೆ. ನೀರಿನಲ್ಲಿಯೇ ಇದ್ದೂ ಅದು ಬಾಯಾರಿದ ಪ್ರಾಣಿ. ಕಡಲ ನೀರನ್ನು ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕಿ ಬದುಕುತ್ತದೆ. ಇಂತಹದನ್ನು ಸಿಹಿನೀರಿಗೆ ಹಾಕುವುದೆಂದರೆ ಆ ವ್ಯವಸ್ಥೆಯನ್ನೆಲ್ಲ ತಲೆಕೆಳಗು ಮಾಡಿದಂತೆ. ಆದುದರಿಂದ ಲೋಟವೋ ಬಾಟಲಿಯೋ, ಅದರಲ್ಲಿ ಆ ತೊಟ್ಟಿಯದೇ ನೀರಿರಬೇಕು.

ಮತ್ತೆ ಬೀಳದಂತೆ ಹಲ್ಲುಗಳಿಗೆ ಕಾಲಂಗುಲ ಕಣ್ಣಿನ ಪ್ಲಾಸ್ಟಿಕ್ ಜಾಲರಿಯನ್ನು ಕಟ್ಟಿ, ಪೆಟ್ಟಿಗೆಯ ತಲೆಗೆ ಮುಚ್ಚಳ ಹೊದಿಸಿದೆವು. ಕಬ್ಬಿಣವೂ ತಾಮ್ರವೂ ಕೂಡದು. ಉಪ್ಪುನೀರು ಅವನ್ನು ತಿನ್ನುತ್ತದೆ, ಕರಗಿದ ತಾಮ್ರವು ಹವಳಾದಿ ಜೀವಿಗಳಿಗೆ ವಿಷವಾಗುತ್ತದೆ. ಜಾಲರಿ ಕಟ್ಟಿದೆವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಕೆರೆಯ ಮೀನು ಹೋದೀತೆಂದು ಕೋಡಿಗೆ ಅಡ್ಡಲಾಗಿ ಬಲೆ ಕಟ್ಟುವುದನ್ನು ನಾವು ಕಂಡಿದ್ದೇವೆ. ಕಸಕಡ್ಡಿ ಬಂದು ಬಲೆಗೆ ಮೆತ್ತಿದರೆ ನೀರು ಏರಿಯ ಮೇಲೆ ಹತ್ತುತ್ತದೆ, ಒಂದು ಬುಟ್ಟಿ ಮೀನಿಗಾಗಿ ಕೆರೆಯೇ ಒಡೆಯುವ ಭಯ. ಗಾಜಿನ ತೊಟ್ಟಿಯ ಜಾಲರಿಗೆ ಪಾಚಿ ಮೆತ್ತುತ್ತದೆ. ವಾರಕ್ಕೊಮ್ಮೆ ಅದನ್ನು ಕಳಚಿ, ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಬೆಂಗಳೂರಿಗೆ ಹೋದಾಗ ಆ ಕೆಲಸವನ್ನು ಮಗಳು ನನಗೇ ವಹಿಸುತ್ತಾಳೆ. ಅಂದಿನಿಂದ ಮೀನು ಯಾವುದೂ ಕೋಡಿಗೆ ಬಿದ್ದಿಲ್ಲ. ಒಂದು ಬಸವನಹುಳು ಮಾತ್ರ ಜಾಲರಿಯನ್ನೇರಿ ಒಳಗಿಳಿದು, ಪೆಟ್ಟಿಗೆಯ ಗೋಡೆಯ ಪಾಚಿಯನ್ನು ಮೇಯುತ್ತ ಅಲ್ಲಿಯೇ ಸುಖವಾಗಿದೆ.