ಫೋನ್ ತಂತಿಯಲ್ಲಿ ಬಂದ ಹೀರೋ!

ಕ್ಲೈಮ್ಯಾಕ್ಸ್ ಫೈಟು. ಹೀರೋ ಕೈ ಎತ್ತಿದ್ದಾನೆ, ವಿಲನ್ ಹಿಂದೆ ಹಿಂದೆ ಸರಿಯುತ್ತಿದ್ದಾನೆ... ಅಷ್ಟರಲ್ಲಿ ಹೀರೋ ಮುಖ ಚೌಕ ಚೌಕವಾಗಿ ಒಡೆದು ನಿಂತುಬಿಟ್ಟರೆ? ಟೆಂಟಿನಲ್ಲಾದರೆ ಸಿಳ್ಳೆ ಹೊಡೆದು ಆಪರೇಟರನ್ನು ಬೈಯಬಹುದು. ಚಿತ್ರ ಬರುತ್ತಿರುವುದು ಮನೆಯ ಫೋನ್ ತಂತಿಯಲ್ಲಾದರೆ ಯಾರನ್ನು ಬೈಯೋಣ?

ಫೋನ್ ತಂತಿಯಲ್ಲಿ ಟಿವಿಯೇ? ಹೌದು ಮಿತ್ರರೇ! 2003ರ ಡಿಸೆಂಬರಿನಲ್ಲಿ ಫ್ರಾನ್ಸಿನ 'ಫ್ರೀ' ಎಂಬ ಕಂಪನಿ ಇದನ್ನು ಮನೆಗಳಿಗೆ ಕೊಡತೊಡಗಿತು. ಹೊಸ ಕೇಬಲ್ ಇಲ್ಲ, ಮಹಡಿ ಮೇಲೆ ಡಿಶ್ ಇಲ್ಲ. 'ಹಲೋ' ಅನ್ನುವ ಅದೇ ಎರಡೆಳೆ ತಾಮ್ರ. ನಮ್ಮಲ್ಲಿ 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ತಂದದ್ದೂ ಇಂಥ ತಂತಿಯಲ್ಲೇ.

ಗುಟ್ಟು ಇಷ್ಟೇ. ನಮ್ಮ ಮಾತಿಗೆ 4 ಕಿಲೋಹರ್ಟ್ಸ್ ಜಾಗ ಸಾಕು. ಮಾತು ಗಾಂಧಿ ಕ್ಲಾಸಿನಲ್ಲಿ ಕೂತಿತ್ತು, ಬಾಲ್ಕನಿ ಪೂರಾ ಖಾಲಿ! ಎಡಿಎಸ್‌ಎಲ್-2 ಪ್ಲಸ್ ಎಂಬ ವಿಧಾನ 2.2 ಮೆಗಾಹರ್ಟ್ಸ್ ತನಕ ಆ ಬಾಲ್ಕನಿ ಹಿಡಿಯಿತು. ಎಕ್ಸ್‌ಚೇಂಜ್ ಪಕ್ಕದ ಮನೆಗೆ ಸೆಕೆಂಡಿಗೆ 20 ಮೆಗಾಬಿಟ್ ದಾಟುತ್ತದೆ. ಹಳೆಯ ಎಂಪೆಗ್-2 ಲೆಕ್ಕದಲ್ಲಿ ಒಂದು ಚಾನೆಲ್ಲಿಗೆ ಸುಮಾರು 4 ಬೇಕು. ಸಲೀಸು!

ಆದರೆ ತಂತಿ ಉದ್ದವಾದಷ್ಟೂ ಸಿಗ್ನಲ್ ಸೊರಗುತ್ತೆ. 5 ಕಿಲೋಮೀಟರ್ ದೂರದವನಿಗೆ 2 ಮೆಗಾಬಿಟ್ ಸಿಕ್ಕರೆ ಪುಣ್ಯ. ಅವನೂ ಬಿಲ್ ಕಟ್ಟುವವನೇ, ಆದರೆ ಅವನ ಮುಂದೆ ಹೌಸ್‌ಫುಲ್ ಬೋರ್ಡು! ಅದೂ ನಾವು ನಡೆಯುವ ದೂರ ಅಲ್ಲ, ಗಲ್ಲಿ ಗಲ್ಲಿ ಸುತ್ತಿ ಬಂದ ತಂತಿಯ ಅಳತೆ.

ಹೀರೋ ಮುಖ ಒಡೆಯೋದು ಯಾಕೆ? ಹತ್ತಿರದಲ್ಲೆಲ್ಲೋ ಮೋಟಾರ್ ಸ್ಟಾರ್ಟ್ ಆಯಿತು ಅನ್ನಿ, ತಂತಿಯಲ್ಲಿ ಹೋಗುತ್ತಿದ್ದ ಮಾಹಿತಿಯಲ್ಲಿ ಒಂದು ತುಂಡು ಪೂರಾ ಹಾಳು. ಅದಕ್ಕೆ ಎಂಜಿನಿಯರ್ ಲೈನ್ ಸೆಟ್ ಮಾಡುವಾಗಲೇ 'ಇಂಟರ್‌ಲೀವಿಂಗ್' ಹಾಕುತ್ತಾನೆ. ನನಗೆ ಬಲು ಇಷ್ಟವಾದ ಕೈಚಳಕ ಇದು. ಇಸ್ಪೀಟು ಕಲಸಿದ ಹಾಗೆ ಮಾಹಿತಿ ಕಲಸಿ ಕಳಿಸೋದು, ಮನೆಯ ಮೋಡೆಮ್ಮಿನಲ್ಲಿ ಮತ್ತೆ ಜೋಡಿಸೋದು. ಏಟು ಬಿದ್ದರೂ ಒಂದೊಂದು ಕಟ್ಟಿನಲ್ಲಿ ಒಂದೆರಡು ಎಲೆ ಮಾತ್ರ ಹೋಗಿರುತ್ತೆ. ಜೊತೆಗೆ ಕಳಿಸಿದ ಹೆಚ್ಚಿನ ಲೆಕ್ಕ ಇಟ್ಟುಕೊಂಡು ಅದನ್ನು ತುಂಬಿಸಬಹುದು. ಬದಲಿಗೆ ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು ತಡ. ಪಿಕ್ಚರ್ ನೋಡುವ ಅಣ್ಣನಿಗೆ ಗೊತ್ತೇ ಆಗೊಲ್ಲ. ಅದೇ ಲೈನಿನಲ್ಲಿ ಗೇಮ್ ಆಡುವ ತಮ್ಮ ಹಲ್ಲು ಕಡೀತಾನೆ!

ಇನ್ನೊಂದು ಮಾತು. ಒಂದೇ ಪ್ರಿಂಟು, ಎರಡು ಥಿಯೇಟರು, ಮಧ್ಯೆ ರೀಲ್ ಡಬ್ಬ ಹೊತ್ತ ಸೈಕಲ್ಲು - ಹಿರಿಯರನ್ನು ಕೇಳಿ, ಕಥೆ ಹೇಳ್ತಾರೆ. ಇಲ್ಲಿ ಸಾವಿರ ಮನೆ ಒಂದೇ ಚಾನೆಲ್ ನೋಡಿದರೂ ಎಕ್ಸ್‌ಚೇಂಜಿಗೆ ಬರೋದು ಒಂದೇ ಪ್ರಿಂಟ್. ಅಲ್ಲಿರುವ 'ಡಿಸ್ಲಾಮ್' ಎಂಬ ಪೆಟ್ಟಿಗೆ ಕೇಳಿದ ಮನೆಗಷ್ಟೇ ಕಾಪಿ ತೆಗೆದು ಕೊಡುತ್ತೆ. ಕೇಬಲ್ಲಿನ ಹಾಗೆ ನೂರು ಚಾನೆಲ್ ಒಟ್ಟಿಗೆ ಮನೆಗೆ ನುಗ್ಗೋದಿಲ್ಲ. ರಿಮೋಟ್ ಒತ್ತಿದರೆ 'ಇದು ಸಾಕು, ಅದು ಕೊಡು' ಅಂತ ಒಂದು ಚೀಟಿ ಹೋಗುತ್ತೆ, ಅಷ್ಟೇ.

ಮುಂದೆ ಎಚ್.264 ಬಂದು ಚಾನೆಲ್ಲಿನ ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ದೂರದ ಎಷ್ಟೋ ಮನೆಗೆ ಗೇಟು ತೆರೆಯಿತು. ಈಗ ಫ್ರಾನ್ಸಿನಲ್ಲಿ ಆ ತಾಮ್ರವನ್ನೇ 2030ರ ಹೊತ್ತಿಗೆ ನಿಲ್ಲಿಸುವ ಯೋಜನೆ ನಡೆದಿದೆ. ಜಾಗಕ್ಕೆ ಬರುತ್ತಿರುವುದು ಗಾಜಿನ ಎಳೆ, ಫೈಬರ್. 5 ಕಿಲೋಮೀಟರ್ ದೂರದ ಆ ಪುಣ್ಯಾತ್ಮನಿಗೂ ಕೊನೆಗೆ ಬಾಲ್ಕನಿ ಟಿಕೆಟ್ಟು!